ಬಳ್ಳಾರಿ ಸೀಮೆಯಲ್ಲಿ ಬೋನ್ಸಾಯ್‌ಗಳ ಚಳಿಗಾಲ: ದೀಪಾವಳಿಯಿಂದ ಶಿವರಾತ್ರಿಯವರೆಗಿನ ಆರೈಕೆ

ಬೋನ್ಸಾಯ್ ಹವ್ಯಾಸಕ್ಕೆ ಬಿದ್ದವರಿಗೆ ಮೊಬೈಲಿನಲ್ಲಿ ಸಿಗುವ ಚಳಿಗಾಲದ ಪಾಠಗಳೆಲ್ಲ ಹೆಚ್ಚಾಗಿ ಜಪಾನ್, ಯುರೋಪ್ ಅಥವಾ ಉತ್ತರ ಅಮೆರಿಕದವು. ಅಲ್ಲಿ ಕುಂಡವನ್ನು ನೆಲದಲ್ಲಿ ಹೂಳುತ್ತಾರೆ, ಬೇರಿನ ಮೇಲೆ ಒಣ ಎಲೆ ಮುಚ್ಚುತ್ತಾರೆ, ಗಿಡಗಳನ್ನು ಕತ್ತಲೆಯ ಶೆಡ್ಡಿಗೆ ಸಾಗಿಸುತ್ತಾರೆ. ಅದನ್ನು ನೋಡಿ ನಮ್ಮಲ್ಲಿಯೂ ಕೆಲವರು ಡಿಸೆಂಬರ್ ಬಂದ ಕೂಡಲೇ ಆಲದ ಬೋನ್ಸಾಯ್‌ಗೆ ಗೋಣಿಚೀಲ ಸುತ್ತಿ ಪಡಸಾಲೆಯ ಮೂಲೆಯಲ್ಲಿ ಇಡುತ್ತಾರೆ. ಹದಿನೈದು ದಿನದೊಳಗೆ ಎಲೆ ಉದುರತೊಡಗಿದರೆ, ಇನ್ನೂ ಚಳಿ ತಾಗುತ್ತಿದೆ ಎಂದುಕೊಂಡು ಮತ್ತೊಂದು ಚೀಲ ಹೊದಿಸುತ್ತಾರೆ. ಆ ಎಲೆ ಉದುರಿದ್ದು ಚಳಿಗಲ್ಲ, ಬೆಳಕು ತಪ್ಪಿದ್ದಕ್ಕೆ. ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಚಳಿಗಾಲದ ಆರೈಕೆ ಎಂದರೆ ಹಿಮದಿಂದ ಗಿಡವನ್ನು ಕಾಯುವ ಕೆಲಸವೇ ಅಲ್ಲ. ನೀರನ್ನು ಹಿಡಿತಕ್ಕೆ ತಂದು, ಸಿಕ್ಕಷ್ಟು ಬಿಸಿಲು ಕೊಟ್ಟು, ಮುಂದೆ ಬರುವ ಬೇಸಿಗೆಗೆ ಗಿಡವನ್ನು ಸಜ್ಜುಗೊಳಿಸುವ ಕೆಲಸ ಅದು.

ಶೀತದೇಶದವರು ಮಾಡುವುದು ತಪ್ಪೆಂದು ಇದರ ಅರ್ಥವಲ್ಲ. ಅವರು ಏಕೆ ಹಾಗೆ ಮಾಡುತ್ತಾರೆ ಎಂಬುದು ತಿಳಿದರೆ, ನಾವು ಯಾವುದನ್ನು ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಶೀತದೇಶದ ಮರ ಮಲಗುವ ಬಗೆ

ಮೇಪಲ್, ಎಲ್ಮ್, ಲಾರ್ಚ್, ಸೇಬಿನಂಥ ಮರಗಳು ಹಗಲು ಕಿರಿದಾಗುತ್ತ, ರಾತ್ರಿ ತಣ್ಣಗಾಗುತ್ತ ಬಂದಂತೆ ಬೆಳವಣಿಗೆಯನ್ನು ನಿಲ್ಲಿಸಿ, ಎಲೆಯಲ್ಲಿದ್ದ ಸತ್ವವನ್ನು ರೆಂಬೆ, ಕಾಂಡ, ಬೇರುಗಳಿಗೆ ಎಳೆದುಕೊಂಡು, ಮೊಗ್ಗುಗಳನ್ನು ಗಟ್ಟಿ ಹೊದಿಕೆಯೊಳಗೆ ಮುಚ್ಚಿಕೊಳ್ಳುತ್ತವೆ. ಇದೇ ಸುಪ್ತಾವಸ್ಥೆ. ಒಮ್ಮೆ ಮಲಗಿದ ಮೊಗ್ಗು ನಡುವೆ ನಾಲ್ಕು ದಿನ ಬೆಚ್ಚಗಾಯಿತೆಂದು ಏಳುವುದಿಲ್ಲ. ಸುಮಾರು 0ರಿಂದ 7 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ತನ್ನ ಜಾತಿಗೆ ತಕ್ಕಷ್ಟು ಗಂಟೆಗಳನ್ನು, ಎಂದರೆ ಹಲವು ಜಾತಿಗಳಲ್ಲಿ ಕೆಲವು ನೂರರಿಂದ ಸಾವಿರದಷ್ಟು ಗಂಟೆಗಳನ್ನು ಕಳೆದ ಮೇಲಷ್ಟೇ ಅದರ ಒಳಬೀಗ ತೆರೆಯುತ್ತದೆ. ಆಮೇಲೆ ಬಿಸಿಲೇರಿದಾಗ ಚಿಗುರು ಒಡೆಯುತ್ತದೆ. ಆ ತಂಪು ಸಿಗದಿದ್ದರೆ ಚಿಗುರು ತಡವಾಗಿ, ಅಲ್ಲೊಂದು ಇಲ್ಲೊಂದು ಒಡೆದು, ವರ್ಷದಿಂದ ವರ್ಷಕ್ಕೆ ಗಿಡ ಸೊರಗುತ್ತದೆ.

ಹಾಗಾದರೆ ಚಳಿ ಬೇಕಾದ ಮರವನ್ನು ಅವರು ಚಳಿಯಿಂದ ಏಕೆ ಕಾಪಾಡುತ್ತಾರೆ ಎಂಬ ಪ್ರಶ್ನೆ ಏಳುವುದು ಸಹಜ. ಅವರು ಕಾಪಾಡುವುದು ರೆಂಬೆಗಳನ್ನಲ್ಲ, ಬೇರುಗಳನ್ನು. ನೆಲದಲ್ಲಿ ಬೆಳೆದ ಮರದ ಬೇರು ಆಳದ ಮಣ್ಣಿನ ಬಿಸುಪಿನಲ್ಲಿ ಇರುವುದರಿಂದ, ರೆಂಬೆಯಷ್ಟು ಚಳಿ ತಡೆಯುವ ಶಕ್ತಿಯನ್ನು ಅದು ಬೆಳೆಸಿಕೊಂಡಿರುವುದಿಲ್ಲ. ಎರಡು ಮೂರು ಇಂಚು ಆಳದ ತಟ್ಟೆಯಲ್ಲಿ ಅದೇ ಬೇರಿಗೆ ನಾಲ್ಕೂ ಕಡೆಯಿಂದ ಗಾಳಿಯ ಚಳಿ ತಾಗುತ್ತದೆ. ಮಣ್ಣು ಹೆಪ್ಪುಗಟ್ಟಿ, ಮೇಲೆ ಬಿಸಿಲು ಗಾಳಿ ಆಡುತ್ತಿದ್ದರೆ, ಜೂನಿಪರ್‌ನಂಥ ನಿತ್ಯಹಸಿರು ಗಿಡ ಎಲೆಯಿಂದ ನೀರು ಕಳೆದುಕೊಳ್ಳುತ್ತಲೇ ಇರುತ್ತದೆ, ಕೆಳಗಿನಿಂದ ಹೀರಲು ಆಗದೆ ಒಣಗಿ ಸಾಯುತ್ತದೆ. ಅದಕ್ಕಾಗಿಯೇ ಅಲ್ಲಿಯವರು ಕುಂಡವನ್ನು ನೆಲದಲ್ಲಿ ಹೂಳುವುದು, ಗಾಳಿ ತಡೆಯುವುದು, ಹಿಮ ಬೀಳುವ ಮುನ್ನ ಮಣ್ಣನ್ನು ಚೆನ್ನಾಗಿ ನೆನೆಸುವುದು. ಒದ್ದೆ ಮಣ್ಣು ಹೆಪ್ಪುಗಟ್ಟುವಾಗ ತನ್ನೊಳಗಿನ ಶಾಖವನ್ನು ಬಿಡುವುದರಿಂದ ಬೇರಿನ ಸುತ್ತ ಉಷ್ಣಾಂಶ ಏಕಾಏಕಿ ಕುಸಿಯುವುದಿಲ್ಲ. 1925ರಲ್ಲಿ ನೆಲೆಗೊಂಡ ಓಮಿಯ ಬೋನ್ಸಾಯ್ ಗ್ರಾಮವಿರುವ ಜಪಾನಿನ ಸೈತಾಮಾದಲ್ಲಿ ಚಳಿಗಾಲದ ರಾತ್ರಿ ಸೊನ್ನೆಯ ಆಸುಪಾಸಿಗೆ ಇಳಿಯುತ್ತದೆ. ಸೂಕ್ಷ್ಮ ಗಿಡಗಳಿಗೆ ಜಪಾನಿನವರು ‘ಮುರೊ’ ಎಂಬ ತಗ್ಗು ಮಾಡಿನ ಆಸರೆ ಕಟ್ಟುತ್ತಾರೆ. ಅದು ಗಿಡವನ್ನು ಬೆಚ್ಚಗಿಡುವ ಮನೆಯಲ್ಲ, ತಂಪನ್ನು ಒಂದೇ ಹದದಲ್ಲಿ ಹಿಡಿದಿಡುವ ಮನೆ.

ನಮ್ಮ ಚಳಿಯ ಅಳತೆ

ನಮ್ಮ ಜಿಲ್ಲೆಗಳು 15ರಿಂದ 16 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಇಲ್ಲಿ ವರ್ಷದ ಅತಿ ಕಿರಿಯ ಹಗಲು ಕೂಡ ಹನ್ನೊಂದು ಗಂಟೆಗಿಂತ ಹೆಚ್ಚಿದೆ. 50 ಡಿಗ್ರಿ ಅಕ್ಷಾಂಶದ ಊರುಗಳಲ್ಲಿ ಅದು ಎಂಟು ಗಂಟೆಗೆ ಇಳಿಯುತ್ತದೆ. ಡಿಸೆಂಬರ್–ಜನವರಿಯಲ್ಲಿ ನಮ್ಮ ರಾತ್ರಿಗಳು ಸಾಮಾನ್ಯವಾಗಿ 15ರಿಂದ 18 ಡಿಗ್ರಿಯಲ್ಲಿರುತ್ತವೆ, ಚಳಿ ಬಿಗಿಯಾದ ಕೆಲವು ದಿನ ಅದಕ್ಕಿಂತ ನಾಲ್ಕೈದು ಡಿಗ್ರಿ ಕೆಳಗಿಳಿಯುತ್ತವೆ, ಮಧ್ಯಾಹ್ನ ಮಾತ್ರ 30ರ ಹತ್ತಿರವೇ. ಸೇಬು, ಮೇಪಲ್ ಬಯಸುವ ತಂಪು ಗಂಟೆಗಳ ಲೆಕ್ಕ ಹಾಕಿದರೆ, ಬಹುತೇಕ ವರ್ಷಗಳಲ್ಲಿ ನಮಗೆ ಒಂದು ಗಂಟೆಯೂ ದಕ್ಕುವುದಿಲ್ಲ.

ಹೀಗಿದ್ದರೂ ನಮ್ಮ ಗಿಡಗಳಿಗೆ ವಿಶ್ರಾಂತಿಯಿಲ್ಲ ಎನ್ನಲಾಗದು. ಇಲ್ಲಿ ಮರವನ್ನು ತಡೆದು ನಿಲ್ಲಿಸುವುದು ಚಳಿಗಿಂತ ಹೆಚ್ಚಾಗಿ ನೀರಿನ ಕೊರತೆ ಮತ್ತು ಒಣಗಾಳಿ. ಈ ಗುಟ್ಟು ಬೋನ್ಸಾಯ್ ಬೆಳೆಸುವವರಿಗಿಂತ ಮೊದಲೇ ನಮ್ಮ ರೈತರಿಗೆ ಗೊತ್ತಿದೆ. ಕೊಪ್ಪಳ ಜಿಲ್ಲೆಯ ದಾಳಿಂಬೆ ಬೆಳೆಗಾರರು ತೋಟಕ್ಕೆ ನೀರು ನಿಲ್ಲಿಸಿ, ಎಲೆ ಉದುರಿಸಿ, ಬಳಿಕ ಗೊಬ್ಬರ ನೀರು ಕೊಟ್ಟು ತಮಗೆ ಬೇಕಾದ ಕಾಲಕ್ಕೆ ಹೂ ಬರಿಸುವ ಬಹಾರ್ ಪದ್ಧತಿ ಗಿಡಕ್ಕೆ ಬಲವಂತದ ವಿಶ್ರಾಂತಿ ಕೊಡುವುದೇ ಆಗಿದೆ. ದ್ರಾಕ್ಷಿಯವರು ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಎರಡು ಸಲ ಚಾಟ್ನಿ (ಬಳ್ಳಿ ಸವರುವುದು) ಮಾಡಿ, ಅಕ್ಟೋಬರ್ ಚಾಟ್ನಿಯ ನಂತರ ಬಳ್ಳಿಯ ಕಣ್ಣುಗಳಿಗೆ, ಎಂದರೆ ಮೊಗ್ಗುಗಳಿಗೆ, ಚಿಗುರೊಡೆಸುವ ಹೈಡ್ರೋಜನ್ ಸಯನಮೈಡ್ ಹಚ್ಚುವುದೂ, ನಮ್ಮ ಹವೆಯಲ್ಲಿ ಆ ಬಳ್ಳಿಗೆ ನಿಜವಾದ ಚಳಿಯ ನಿದ್ರೆ ಸಿಗದಿರುವುದರಿಂದಲೇ. (ಆ ರಾಸಾಯನಿಕ ಬಲು ವಿಷಕಾರಿ, ಮನೆಯ ಬೋನ್ಸಾಯ್ ಮೇಲೆ ಅದನ್ನು ಪ್ರಯೋಗಿಸುವ ಯೋಚನೆಯನ್ನೇ ಮಾಡಬೇಡಿ.)

ಮೊದಲ ಕೆಲಸ: ಗಿಡಗಳನ್ನು ಬೇರ್ಪಡಿಸುವುದು

ದೀಪಾವಳಿ ಮುಗಿದು ಹಿಂಗಾರು ಮಳೆ ಹಿಂದೆ ಸರಿದ ಮೇಲೆ, ಮಾಳಿಗೆಯ ಮೇಲಿರುವ ಕುಂಡಗಳನ್ನೆಲ್ಲ ಒಂದು ಸಲ ನೋಡಿ, ಗಿಡದ ಸ್ವಭಾವದಂತೆ ಗುಂಪು ಮಾಡಿ ಇಡಿ. ಎಲ್ಲ ಕುಂಡಕ್ಕೂ ಒಂದೇ ಪೈಪಿನಿಂದ ಒಂದೇ ಅಳತೆಯಲ್ಲಿ ನೀರು ಹಾಯಿಸುವ ರೂಢಿಯೇ ಚಳಿಗಾಲದಲ್ಲಿ ಗಿಡಗಳು ಹಾಳಾಗಲು ಮುಖ್ಯ ಕಾರಣ, ಮತ್ತು ಗುಂಪು ಮಾಡಿಟ್ಟರೆ ಆ ತಪ್ಪು ಅರ್ಧಕ್ಕರ್ಧ ತಪ್ಪುತ್ತದೆ.

ಆಲ, ಗೋಣಿ, ಹುಣಸೆ, ಸರ್ವೆ, ಕಾಮಿನಿ ಮುಂತಾದವು ವರ್ಷವಿಡೀ ಹಸಿರಾಗಿರುವ ಗುಂಪು. ರಾತ್ರಿ 15 ಡಿಗ್ರಿಯ ಕೆಳಗೆ ಬಂದಾಗ ಆಲದ ಜಾತಿಯ ಬೇರು ನಿಧಾನವಾಗುತ್ತದೆ, ಹೊಸ ಎಲೆ ಬರುವುದು ಕಡಿಮೆಯಾಗುತ್ತದೆ, ಆದರೆ ಗಿಡ ಮಲಗುವುದಿಲ್ಲ. ಅರಳಿ ಮತ್ತು ಬೇವುಗಳನ್ನೂ ಇಲ್ಲಿಯೇ ಇಡಬಹುದು, ಅವು ಎಲೆ ಉದುರಿಸುವುದು ಚಳಿ ಹಿಂಜರಿದ ಮೇಲೆ, ಫೆಬ್ರವರಿ–ಮಾರ್ಚ್‌ನಲ್ಲಿ. ಅರಳಿಯ ತಾಮ್ರವರ್ಣದ ಚಿಗುರು ಆ ಬೆನ್ನಿಗೇ ಬರುತ್ತದೆ.

ಎರಡನೆಯ ಗುಂಪು ಚಳಿಗಾಲದಲ್ಲಿ ನಿಜವಾಗಿಯೂ ಎಲೆ ಕಳೆದುಕೊಂಡು ನಿಲ್ಲುವ ಗಿಡಗಳದು: ಬಳ್ಳಾರಿ ಭಾಗದ ಹೊಲಗಳಲ್ಲಿ ಬೆಳೆಯುವ ಅಂಜೂರ, ದೇವಗಣಗಿಲೆ, ಅಡೇನಿಯಂ. ಜೇಡ್ ಗಿಡ ಎಲೆ ಉದುರಿಸದಿದ್ದರೂ ದಪ್ಪ ಕಾಂಡದಲ್ಲಿ ನೀರು ತುಂಬಿಕೊಂಡಿರುವ ಕಾರಣ ಅಡೇನಿಯಂ ಪಕ್ಕದಲ್ಲೇ ಇರಲಿ. ಕಾಗದದ ಹೂವಿನ ಗಿಡವನ್ನು, ಎಂದರೆ ಬೋಗನ್‌ವಿಲ್ಲಾವನ್ನು ಪ್ರತ್ಯೇಕ ಇಡುವುದು ಒಳ್ಳೆಯದು. ನೀರು ಸ್ವಲ್ಪ ಬಿಗಿ ಹಿಡಿದರೆ ಅದು ಈ ಒಣ ತಿಂಗಳುಗಳಲ್ಲೇ ಮೈತುಂಬ ಹೂ ಬಿಡುತ್ತದೆ. ಆನ್‌ಲೈನ್‌ನಲ್ಲಿ ಕೊಂಡ ಜೂನಿಪರ್, ಮೇಪಲ್‌ಗಳಿದ್ದರೆ ಅವು ಮೂರನೆಯ ಗುಂಪು. ಅವುಗಳ ವಿಚಾರ ಮುಂದೆ ಬರುತ್ತದೆ.

ಬಿಸಿಲಿನ ಜಾಗ

ಬೇಸಿಗೆಯಲ್ಲಿ ಕಟ್ಟಿದ ಐವತ್ತು ಪ್ರತಿಶತದ ಹಸಿರು ಶೇಡ್‌ನೆಟ್ಟನ್ನು ನವೆಂಬರ್ ಹೊತ್ತಿಗೆ ಬಿಚ್ಚಿ ಮಡಚಿಡಬೇಕು. ಈ ಕಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನವೂ ಆತ ನಮ್ಮ ನೆತ್ತಿಗೆ ಬರುವುದಿಲ್ಲ, ದಿಗಂತದಿಂದ ಸುಮಾರು 51 ಡಿಗ್ರಿ ಎತ್ತರದಲ್ಲಿ ನಿಲ್ಲುತ್ತಾನೆ. ಇದರ ಪರಿಣಾಮ ಮಾಳಿಗೆಯ ಮೇಲೆ ಕಣ್ಣಿಗೆ ಕಾಣುತ್ತದೆ: ದಕ್ಷಿಣದ ಕುಂಬಿ ಗೋಡೆ ಮೂರು ಅಡಿ ಎತ್ತರವಿದ್ದರೆ, ಅದರ ನೆರಳು ಮಧ್ಯಾಹ್ನವೂ ಸುಮಾರು ಎರಡೂವರೆ ಅಡಿ ಒಳಗೆ ಚಾಚಿರುತ್ತದೆ, ಬೆಳಿಗ್ಗೆ ಸಂಜೆಯಂತೂ ಇನ್ನೂ ಹೆಚ್ಚು. ಬೇಸಿಗೆಯಲ್ಲಿ ಪೂರ್ತಿ ಬಿಸಿಲು ಬೀಳುತ್ತಿದ್ದ ಅದೇ ಜಾಗ ಈಗ ದಿನವಿಡೀ ನೆರಳಾಗಿ, ಅಲ್ಲಿನ ಮಣ್ಣು ಒಣಗದೆ ಪಾಚಿ ಕಟ್ಟುತ್ತದೆ. ಆದ್ದರಿಂದ ದಕ್ಷಿಣದ ಗೋಡೆಗೆ ಒತ್ತಿಟ್ಟ ಕುಂಡಗಳನ್ನು ಉತ್ತರದ ಗೋಡೆಯ ಬಳಿಗೆ, ದಕ್ಷಿಣಕ್ಕೆ ಮುಖ ಮಾಡಿ ಸಾಗಿಸಿ; ಹಗಲು ಕಾದ ಆ ಗೋಡೆ ರಾತ್ರಿ ಸ್ವಲ್ಪ ಬಿಸುಪನ್ನೂ ಕೊಡುತ್ತದೆ. ಕುಂಡವನ್ನು ನೇರವಾಗಿ ಮಾಳಿಗೆಯ ಗಚ್ಚಿನ ಮೇಲೆ ಇಡದೆ ಇಟ್ಟಿಗೆ ಅಥವಾ ಕಬ್ಬಿಣದ ಸ್ಟ್ಯಾಂಡ್ ಮೇಲೆ ಇಟ್ಟರೆ ತಳದ ತೂತುಗಳಿಗೆ ಗಾಳಿಯಾಡುತ್ತದೆ.

ಮನೆಯೊಳಗೆ ತರುವ ಅಗತ್ಯ ಈ ಮೂರು ಜಿಲ್ಲೆಗಳಲ್ಲಿ ಯಾವ ರಾತ್ರಿಯೂ ಬರುವುದಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಚಳಿ ತೀರ ಬಿಗಿಯಾದ ವಾರದಲ್ಲಿ ಅಡೇನಿಯಂ ಮತ್ತು ಹೊಸದಾಗಿ ಬೇರೂರುತ್ತಿರುವ ಕಡ್ಡಿಗಳನ್ನು ರಾತ್ರಿ ಜಗಲಿಗೆ ತಂದು ಬೆಳಿಗ್ಗೆ ಮತ್ತೆ ಬಿಸಿಲಿಗಿಟ್ಟರೆ ಬೇಕಾದಷ್ಟಾಯಿತು.

ನೀರು

ಚಳಿಗಾಲದ ಆರೈಕೆಯ ಮುಕ್ಕಾಲು ಪಾಲು ಇದೊಂದರಲ್ಲಿದೆ, ಮತ್ತು ಇಲ್ಲಿ ಎರಡು ತೊಂದರೆಗಳು ಒಂದಕ್ಕೊಂದು ಎದುರಾಗಿ ನಿಂತಿವೆ. ಬೇರು ನಿಧಾನವಾಗಿರುವುದರಿಂದ ಗಿಡ ಕಡಿಮೆ ನೀರು ಕುಡಿಯುತ್ತದೆ. ಆದರೆ ಗಾಳಿ ಒಣಗಿರುವುದರಿಂದ ಮೇಲ್ಮಣ್ಣು ಬೇಗ ಬಿಳುಪೇರಿ, ನೀರು ಬೇಕೆಂಬಂತೆ ಕಾಣಿಸುತ್ತದೆ. ಮೇಲ್ಮಣ್ಣನ್ನು ನಂಬಿ ದಿನವೂ ನೀರು ಹಾಕಿದರೆ ತಳದಲ್ಲಿ ಕೆಸರು ನಿಂತು ಬೇರು ಕೊಳೆಯುತ್ತದೆ. ಇದಕ್ಕೆ ಸುಲಭದ ಉಪಾಯವೆಂದರೆ ಬಿದಿರಿನ ಸಣ್ಣ ಕಡ್ಡಿ. ಸಿಪ್ಪೆ ತೆಗೆದ ಕಡ್ಡಿಯನ್ನು ಕುಂಡದ ಅಂಚಿನ ಬಳಿ ತಳದವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆದು ನೋಡಿ. ಕಡ್ಡಿಯ ಕೆಳತುದಿ ಕಪ್ಪಾಗಿ, ಬೆರಳಿಗೆ ತಣ್ಣಗೆ ಹತ್ತಿದರೆ ಆ ದಿನ ನೀರು ಬೇಡ. ಬಣ್ಣ ತಿಳಿಯಾಗಿ, ಮಣ್ಣು ಅಂಟದೆ ಬಂದರೆ ಹಾಕಬೇಕು. ಒಂದೇ ಕಡ್ಡಿಯನ್ನು ಎಲ್ಲ ಕುಂಡಗಳಲ್ಲಿ ಆಡಿಸದೆ, ಪ್ರತಿ ಗುಂಪಿಗೆ ಒಂದೊಂದು ಕಡ್ಡಿ ಇಟ್ಟುಕೊಳ್ಳಿ. ಒಂದು ಗುಂಪಿನ ರೋಗ ಇನ್ನೊಂದಕ್ಕೆ ದಾಟದು.

ಆಲ, ಹುಣಸೆಗಳಿಗೆ ಬೇಸಿಗೆಯಲ್ಲಿ ದಿನಕ್ಕೆರಡು ಸಲ ಬೇಕಾಗಿದ್ದ ನೀರು ಈಗ ಎರಡು ದಿನಕ್ಕೊಮ್ಮೆಗೆ ಬರಬಹುದು, ತೀರ ಚಿಕ್ಕ ತಟ್ಟೆಯಲ್ಲಿದ್ದರೆ ದಿನಕ್ಕೊಮ್ಮೆ. ಅಂಜೂರ ಮತ್ತು ದೇವಗಣಗಿಲೆ ಎಲೆ ಉದುರಿಸಿದ ಮೇಲೆ ಮಣ್ಣು ಪೂರ್ತಿ ಒಣಗಿ ಪುಡಿಯಾಗದಷ್ಟು ಮಾತ್ರ ತೇವ ಸಾಕು. ಅಡೇನಿಯಂಗೆ ಮಣ್ಣು ತಳದವರೆಗೆ ಒಣಗಿದ ಮೇಲೂ ಕೆಲವು ದಿನ ಬಿಡಬಹುದು. ಅದರ ಬುಡದ ಗಡ್ಡೆಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಗಟ್ಟಿಯಿದ್ದರೆ ನೀರು ಬೇಡ, ಸ್ವಲ್ಪ ಮೆತ್ತಗಾಗಿದ್ದು ಮಣ್ಣೂ ಒಣಗಿದ್ದರೆ ಕೊಡಬೇಕು, ಮಣ್ಣು ಒದ್ದೆಯಿರುವಾಗಲೇ ಗಡ್ಡೆ ಮೆತ್ತಗಾಗಿದ್ದರೆ ಅದು ಕೊಳೆತ, ಆಗ ಕೂಡಲೇ ಕಿತ್ತು ಕೊಳೆತ ಭಾಗವನ್ನು ಕತ್ತರಿಸಿ, ಗಾಯ ಒಣಗಲು ನೆರಳಲ್ಲಿ ಇಡಬೇಕು. ದಾಳಿಂಬೆಯ ಬೋನ್ಸಾಯ್ ಇಟ್ಟವರು ಹೊಲದ ಬಹಾರ್ ಲೆಕ್ಕವನ್ನು ತಟ್ಟೆಗೆ ತರಬಾರದು. ಹೊಲದಲ್ಲಿ ವಾರಗಟ್ಟಲೆ ನೀರು ನಿಲ್ಲಿಸಿದರೂ ಆಳದ ಬೇರಿಗೆ ಪಸೆ ಸಿಗುತ್ತದೆ; ಅಂಗೈ ದಪ್ಪದ ಮಣ್ಣಿನಲ್ಲಿ ಅಷ್ಟೇ ಪರಿಣಾಮ ಕೆಲವೇ ದಿನಗಳಲ್ಲಿ ಆಗಿಬಿಡುತ್ತದೆ, ಅದನ್ನು ಮೀರಿದರೆ ಸಣ್ಣ ರೆಂಬೆಗಳು ಒಣಗುತ್ತವೆ.

ನೀರು ಹಾಕುವ ಹೊತ್ತು ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ, ಎಂಟೂವರೆ ಒಂಬತ್ತರ ಸುಮಾರಿಗೆ. ಮಾಳಿಗೆಯ ಸಿಂಟೆಕ್ಸ್‌ನಲ್ಲಿ ರಾತ್ರಿಯಿಡೀ ತಣ್ಣಗಾದ ನೀರನ್ನು ಬೆಳಕು ಹರಿಯುವ ಮುನ್ನ ಸುರಿಯುವುದೂ, ಸಂಜೆ ಎಲೆ ತೋಯಿಸಿ ಬಿಡುವುದೂ ಬೇಡ.

ಇನ್ನು ನೀರಿನ ಗುಣ. ನಮ್ಮ ಭಾಗದ ಬೋರ್‌ವೆಲ್ ನೀರಿನಲ್ಲಿ ಸಾಮಾನ್ಯವಾಗಿ ಉಪ್ಪಿನಂಶ ಹೆಚ್ಚು. ಮಳೆಗಾಲದಲ್ಲಿ ಅದು ತೊಳೆದುಹೋಗುತ್ತದೆ, ಆದರೆ ನವೆಂಬರ್‌ನಿಂದ ಮೇವರೆಗೆ ಪ್ರತಿ ಸಲದ ನೀರೂ ಒಂದಿಷ್ಟು ಉಪ್ಪನ್ನು ಬಿಟ್ಟುಹೋಗುತ್ತದೆ. ಕುಂಡದ ಅಂಚಿನಲ್ಲಿ, ಕಾಂಡದ ಬುಡದಲ್ಲಿ ಕಾಣುವ ಬಿಳಿಯ ಹೊರಪದರ, ಎಲೆಯ ತುದಿ ಸುಟ್ಟಂತೆ ಕಂದಾಗುವುದು, ನರಗಳು ಹಸಿರಾಗಿದ್ದು ನಡುವಿನ ಭಾಗ ಹಳದಿಯಾಗುವುದು ಇದರ ಗುರುತುಗಳು. ನದಿ ಅಥವಾ ಕಾಲುವೆಯ ಸಿಹಿನೀರು ನಲ್ಲಿಗೆ ಬರುವ ಮನೆಯವರು ಬೋನ್ಸಾಯ್‌ಗೆ ಅದನ್ನೇ ಹಿಡಿದಿಟ್ಟುಕೊಳ್ಳಲಿ. ಬೋರ್‌ವೆಲ್ಲೇ ಗತಿಯಾದವರು ತಿಂಗಳಿಗೊಮ್ಮೆ ಬೆಳಿಗ್ಗೆ, ಸಿಕ್ಕ ಸಿಹಿನೀರನ್ನು ಒಂದರ ಹಿಂದೊಂದು ಮೂರು ಸಲ ತಳದಿಂದ ಧಾರಾಳವಾಗಿ ಹರಿದುಹೋಗುವಂತೆ ಹಾಕಿ ಉಪ್ಪನ್ನು ತೊಳೆಯಬೇಕು. ಆರ್‌ಒ ಯಂತ್ರದಿಂದ ಹೊರಬರುವ ತ್ಯಾಜ್ಯ ನೀರನ್ನು ವ್ಯರ್ಥ ಮಾಡಬಾರದೆಂದು ಬೋನ್ಸಾಯ್‌ಗೆ ಹಾಕುವುದು ಅನೇಕ ಮನೆಗಳ ರೂಢಿ. ಮೂಲ ನೀರಿನ ಉಪ್ಪೆಲ್ಲ ಅದರಲ್ಲೇ ಗಟ್ಟಿಯಾಗಿರುತ್ತದೆ. ಅದು ನೆಲ ಒರೆಸುವುದಕ್ಕಿರಲಿ.

ಗೊಬ್ಬರ ಮತ್ತು ಕೀಟ

ಡಿಸೆಂಬರ್–ಜನವರಿಯಲ್ಲಿ ಯೂರಿಯಾದಂಥ ಸಾರಜನಕದ ಗೊಬ್ಬರವನ್ನು ಪೂರ್ತಿ ನಿಲ್ಲಿಸಿ. ಹಸಿರಾಗಿರುವ ಗುಂಪಿಗೆ ಬೇಕೆನಿಸಿದರೆ ಬೇವಿನ ಹಿಂಡಿಯನ್ನು ಎಂದಿನ ಅರ್ಧದಷ್ಟು ಹಾಕಬಹುದು. ಶೇಂಗಾ ಹಿಂಡಿ ನೆನೆಸಿದ ನೀರು ಒಳ್ಳೆಯ ಗೊಬ್ಬರವೇ, ಆದರೆ ಅದರ ಕಾಲ ಫೆಬ್ರವರಿಯ ನಂತರ.

ಒಣಹವೆಯಲ್ಲಿ ಜೇಡ ನುಸಿ ಹೆಚ್ಚುತ್ತದೆ. ಎಲೆಯ ಕೆಳಗೆ ಬಿಳಿ ಹಾಳೆ ಹಿಡಿದು ರೆಂಬೆಯನ್ನು ತಟ್ಟಿದಾಗ ಹಾಳೆಯ ಮೇಲೆ ಚುಕ್ಕೆಗಳು ಹರಿದಾಡಿದರೆ ಅದೇ. ಎರಡು ಮೂರು ದಿನ ಬೆಳಿಗ್ಗೆ ಎಲೆಯ ಹಿಂಬದಿಗೆ ರಭಸವಾಗಿ ನೀರು ಚಿಮುಕಿಸಿದರೆ ಬಹುಪಾಲು ಹೋಗುತ್ತದೆ. ಹಿಟ್ಟು ತಿಗಣೆಗೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆಯನ್ನು ಸ್ವಲ್ಪ ಸಾಬೂನು ದ್ರಾವಣದೊಂದಿಗೆ ಕಲಸಿ, ಬಿಸಿಲು ಇಳಿದ ಮೇಲೆ ಸಿಂಪಡಿಸಿ. ಬಾರೆ ಹಣ್ಣಿನ ಬೋನ್ಸಾಯ್ ಇದ್ದರೆ ಈ ಕಾಲದಲ್ಲಿ ಬೂದಿರೋಗ ಬರುವುದು ಹೆಚ್ಚು. ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2ರಿಂದ 3 ಗ್ರಾಂ ಹಾಕಿ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ.

ಕತ್ತರಿ ಮತ್ತು ತಂತಿ

ಎಲೆಯಿಲ್ಲದ ಅಂಜೂರ, ದೇವಗಣಗಿಲೆಗಳ ರೆಂಬೆಗಳ ಹಂದರ ಪೂರ್ತಿ ಕಣ್ಣಿಗೆ ಕಾಣುವುದು ಈಗಲೇ. ಒಂದರ ಮೇಲೊಂದು ಹಾಯ್ದ ರೆಂಬೆ, ಒಳಮುಖವಾಗಿ ಬೆಳೆದದ್ದು, ಒಂದೇ ಗಂಟಿನಿಂದ ಮೂರು ನಾಲ್ಕು ಹೊರಟದ್ದು, ಇವನ್ನು ಈಗಲೇ ಗುರುತು ಹಾಕಿಕೊಂಡು, ದೊಡ್ಡ ಕತ್ತರಿಕೆಯನ್ನು ಮೊಗ್ಗು ಉಬ್ಬುವ ಹೊತ್ತಿಗೆ, ಫೆಬ್ರವರಿಯಲ್ಲಿ ಮಾಡುವುದು ವಾಸಿ. ಗಾಯ ಬೇಗ ಮುಚ್ಚುತ್ತದೆ. ಒಣಗಿದೆಯೋ ಮಲಗಿದೆಯೋ ಎಂಬ ಅನುಮಾನ ಬಂದ ರೆಂಬೆಯ ತೊಗಟೆಯನ್ನು ಉಗುರಿನಿಂದ ಕೂದಲೆಳೆಯಷ್ಟು ಕೆರೆದು ನೋಡಿ: ಒಳಗೆ ಹಸಿರು ಕಂಡರೆ ಜೀವವಿದೆ, ಕಂದು ಬಣ್ಣದ ಒಣಪುಡಿ ಉದುರಿದರೆ ಇಲ್ಲ.

ಆಲದ ಜಾತಿಗೆ ಅಲ್ಯೂಮಿನಿಯಂ ತಂತಿ ಸುತ್ತಲು ಚಳಿಗಾಲ ಅನುಕೂಲದ ಸಮಯ, ಏಕೆಂದರೆ ರೆಂಬೆ ದಪ್ಪವಾಗುವುದು ನಿಧಾನ. ಆದರೆ ಶೀತದೇಶದವರಂತೆ ತಂತಿಯನ್ನು ತಿಂಗಳುಗಟ್ಟಲೆ ಮರೆತುಬಿಡುವಂತಿಲ್ಲ. ಶಿವರಾತ್ರಿಯ ಹೊತ್ತಿಗೆ ಬೆಳವಣಿಗೆ ಮತ್ತೆ ಚುರುಕಾದಾಗ ಕೆಲವೇ ವಾರಗಳಲ್ಲಿ ತಂತಿ ತೊಗಟೆಯೊಳಗೆ ಇಳಿದು ಸುರುಳಿ ಗಾಯ ಮಾಡುತ್ತದೆ, ಆಲದ ನುಣುಪು ತೊಗಟೆಯ ಮೇಲೆ ಆ ಗುರುತು ವರ್ಷಗಟ್ಟಲೆ ಉಳಿಯುತ್ತದೆ. ತಂತಿಯನ್ನು ಬಿಚ್ಚಿ ಉಳಿಸಲು ಹೋಗದೆ, ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ.

ಜೂನಿಪರ್, ಮೇಪಲ್ ಈಗಾಗಲೇ ಮನೆಗೆ ಬಂದಿದ್ದರೆ

ಕೊಳ್ಳುವ ಮುನ್ನ ಕೇಳುವವರಿಗೆ ಉತ್ತರ ಸರಳ: ಮೇಪಲ್, ಲಾರ್ಚ್, ಸೇಬುಗಳನ್ನು ನಮ್ಮ ಜಿಲ್ಲೆಗಳಲ್ಲಿ ಸಾಕಲು ಹೋಗಬೇಡಿ. ಚಳಿಗಾಲ ಸಾಲದು, ಬೇಸಿಗೆ ಮಿತಿ ಮೀರುತ್ತದೆ. ಎಲೆ ಉದುರದ ಮೇಪಲನ್ನು ಮಲಗಿಸಲು ಕೈಯಿಂದ ಎಲೆ ಕಿತ್ತರೂ, ನೀರು ನಿಲ್ಲಿಸಿದರೂ ತಂಪು ಗಂಟೆಗಳ ಕೊರತೆ ತುಂಬುವುದಿಲ್ಲ. ಗಿಡವನ್ನು ಫ್ರಿಜ್ಜಿನಲ್ಲಿ ತಿಂಗಳುಗಟ್ಟಲೆ ಇಡುವ ಪ್ರಯೋಗವನ್ನು ಬೆಚ್ಚನೆಯ ನಾಡುಗಳಲ್ಲಿ ಕೆಲವರು ಮಾಡುತ್ತಾರೆ. ಎಲೆ ಪೂರ್ತಿ ಉದುರಿದ ಚಿಕ್ಕ ಗಿಡಕ್ಕೆ ಕತ್ತಲೆ ತೊಂದರೆ ಮಾಡದಿದ್ದರೂ, ಒಳಗಿನ ಒಣಗಾಳಿ, ಬೂಷ್ಟು, ಪಕ್ಕದಲ್ಲಿಟ್ಟ ಹಣ್ಣುಗಳಿಂದ ಹೊರಡುವ ಇಥಿಲೀನ್ ಅನಿಲ ಇವೆಲ್ಲ ಸೇರಿ ಮೊಗ್ಗನ್ನು ಕೆಡಿಸುತ್ತವೆ. ನಿತ್ಯಹಸಿರಿನ ಜೂನಿಪರ್‌ಗಂತೂ ಅದು ಸಲ್ಲದು. ಕರೆಂಟು ಹೋಗಿ ಬರುವ ಊರುಗಳಲ್ಲಿ ಇದು ನೆಚ್ಚಬಹುದಾದ ಮಾರ್ಗವಲ್ಲ.

ಜೂನಿಪರ್ ಇದ್ದವರು ಅದನ್ನು ಚಳಿಗಾಲವಿಡೀ ಬಯಲಿನಲ್ಲಿ, ರಾತ್ರಿಯ ತಂಪು ತಾಗುವ ಕಡೆ ಇಟ್ಟು, ಈ ತಿಂಗಳುಗಳಲ್ಲಿ ಕತ್ತರಿ ಮುಟ್ಟಿಸದೆ ಇದ್ದರೆ ಸಿಗುವಷ್ಟು ವಿಶ್ರಾಂತಿ ಸಿಗುತ್ತದೆ. ಚೀನೀ ಎಲ್ಮ್ ಈ ಗುಂಪಿನಲ್ಲಿ ಸ್ವಲ್ಪ ಹೊಂದಿಕೊಳ್ಳುವ ಗಿಡ, ಚಳಿ ಕಡಿಮೆಯಿದ್ದಲ್ಲಿ ಎಲೆ ಉಳಿಸಿಕೊಂಡೇ ಬದುಕುತ್ತದೆ. ಪೈನ್ ಮರದ ರೂಪವೇ ಬೇಕು ಎನ್ನುವವರು ಸರ್ವೆಯನ್ನು ಹಿಡಿಯಲಿ. ಬಿಸಿನಾಡುಗಳ ಬೋನ್ಸಾಯ್‌ಗಾರರು ಅದನ್ನು ಬಹಳ ಚೆನ್ನಾಗಿ ಬೆಳೆಸುತ್ತಾರೆ, ಮತ್ತು ಅದಕ್ಕೆ ನಮ್ಮ ಬಿಸಿಲು ಹೊಸದಲ್ಲ.

ಫೆಬ್ರವರಿಯ ಕೆಲಸಗಳು

ಶೀತದೇಶಗಳಲ್ಲಿ ಚಿಗುರೊಡೆಯುವ ಮುನ್ನ ಕುಂಡ ಬದಲಿಸುತ್ತಾರೆ, ಆಮೇಲೆ ಅವರಿಗೆ ಹಿತವಾದ ವಸಂತ ಬರುತ್ತದೆ. ನಮಗೆ ಫೆಬ್ರವರಿಯ ಬೆನ್ನಿಗೆ ಬರುವುದು 40 ಡಿಗ್ರಿಯ ಬಿಸಿಲು. ಹಾಗಾಗಿ ಕುಂಡ ಬದಲಿಸುವುದನ್ನು ಜಾತಿ ನೋಡಿ ಹಂಚಿಕೊಳ್ಳಬೇಕು. ಎಲೆಯಿಲ್ಲದೆ ನಿಂತ ಅಂಜೂರಕ್ಕೆ ಮೊಗ್ಗು ಉಬ್ಬತೊಡಗಿದ ಫೆಬ್ರವರಿ ಮೊದಲ ಭಾಗದಲ್ಲೇ ಮುಗಿಸಿ, ಬೇರನ್ನು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸದೆ, ಒಂದು ತಿಂಗಳು ನೆರಳಿನಲ್ಲಿಡಿ. ಆಲ, ಗೋಣಿ, ಹುಣಸೆಗಳನ್ನು ಈಗ ಮುಟ್ಟಬೇಡಿ. ಮುಂಗಾರು ಹಿಡಿದು ಗಾಳಿಯಲ್ಲಿ ತೇವ ತುಂಬಿದ ಜೂನ್–ಜುಲೈ ಅವಕ್ಕೆ ಸರಿಯಾದ ಕಾಲ. ಹೊಲದ ಬದುವಿನಿಂದ ಬಳ್ಳಾರಿ ಜಾಲಿಯ ಮೋಟನ್ನು ಅಗೆದು ತರುವ ಆಸೆಯಿದ್ದವರೂ ಅಲ್ಲಿಯವರೆಗೆ ತಾಳಲಿ. ಯಾವಾಗ ಬದಲಿಸಿದರೂ ಎರೆಮಣ್ಣು ಬೇಡ: ಒದ್ದೆಯಾದಾಗ ಉಬ್ಬಿ, ಒಣಗಿದಾಗ ಬಿರಿದು ಅದು ಎಳೆಬೇರನ್ನು ಹರಿಯುತ್ತದೆ. ಜರಡಿ ಹಿಡಿದ ಗರಸು, 3ರಿಂದ 5 ಮಿಲಿಮೀಟರ್ ಇಟ್ಟಿಗೆ ಚೂರು, ಚೆನ್ನಾಗಿ ಕಳಿತ ಎಲೆಗೊಬ್ಬರ ಇವುಗಳ ಮಿಶ್ರಣವನ್ನು ಜನವರಿಯ ಬಿಡುವಿನಲ್ಲೇ ಸಿದ್ಧ ಮಾಡಿ ಚೀಲದಲ್ಲಿ ಕಟ್ಟಿಡಬಹುದು. ಜರಡಿಯಿಂದ ಇಳಿದ ನುಣ್ಣನೆ ಪುಡಿಯನ್ನು ಮತ್ತೆ ಬೆರೆಸಬಾರದು, ಅದೇ ತಳದ ತೂತು ಕಟ್ಟುವುದು.

ನೀರನ್ನು ಏರಿಸುವುದು ಇಳಿಸಿದಷ್ಟೇ ನಿಧಾನವಾಗಿರಲಿ. ಕಡ್ಡಿಯ ಪರೀಕ್ಷೆಯಲ್ಲಿ ಮಣ್ಣು ಹಿಂದಿನ ವಾರಕ್ಕಿಂತ ಒಂದು ದಿನ ಮೊದಲೇ ಒಣಗುತ್ತಿದೆ ಎಂದು ಕಂಡಾಗ ಗಿಡ ಎಚ್ಚರಗೊಂಡಿದೆ ಎಂದು ತಿಳಿದು, ಹಿಂಡಿ ಗೊಬ್ಬರವನ್ನು ತೆಳುವಾಗಿ ಆರಂಭಿಸಿ. ಮಾಳಿಗೆಯ ಗಚ್ಚು ರೊಟ್ಟಿಯ ಹಂಚಿನಂತೆ ಕಾಯತೊಡಗುವ ಮೊದಲು, ಫೆಬ್ರವರಿ ಕೊನೆಯ ವಾರದಲ್ಲಿ ಶೇಡ್‌ನೆಟ್ಟನ್ನು ಮತ್ತೆ ಕಟ್ಟಬೇಕು. ಮೊದಲು ನೆರಳಿಗೆ ಬರಬೇಕಾದವು ಹೊಸದಾಗಿ ಕುಂಡ ಬದಲಿಸಿದ ಗಿಡಗಳು ಮತ್ತು ಕೆಂಚಿಗುರು ಬಂದ ಅರಳಿ. ಹುಣಸೆ, ಕಾಗದದ ಹೂ, ಅಡೇನಿಯಂಗಳನ್ನು ಏಪ್ರಿಲ್‌ವರೆಗೂ ಬಯಲಿನಲ್ಲೇ ಬಿಡಬಹುದು.